ಆ ರಾತ್ರಿ ಇಳಿದು ಹೋಗದವರಿಗೆ

ನನ್ನ ಮೊದಲ ನಿಸರ್ಗ ಛಾಯಾಚಿತ್ರ ಪ್ರದರ್ಶನ ನಿನ್ನೆ ಮುಗಿಯಿತು. ಎರಡು ವರ್ಷಗಳ ಓಡಾಟದ ಕಥೆ ನಿಮಗೆಲ್ಲ ತಿಳಿದದ್ದೇ. ಚಿತ್ರಗಳನ್ನು ಆಯ್ದುಕೊಟ್ಟವರಿಗೆ, ಮುದ್ರಿಸಿದವರಿಗೆ, ಚೌಕಟ್ಟು ಹಾಕಿದವರಿಗೆ, ಬಂದು ನೋಡಿದವರಿಗೆ ನಾನು ಋಣಿ. ಆದರೆ ಈ ಬರಹ ಮುಖ್ಯವಾಗಿ ನಾವೆಲ್ಲ ಮೇಷ್ಟ್ರೆಂದು ಕರೆಯುವ ಹಿರಿಯರಿಗೆ ಸಲ್ಲಬೇಕು. ಹೆಸರು ಹಾಕಕೂಡದೆಂಬುದು ಅವರದೇ ಕಟ್ಟಪ್ಪಣೆ.

ಬೆಟ್ಟದ ಮೇಲಿನ ಆ ರಾತ್ರಿ ಚಳಿಗೆ ಬ್ಯಾಟರಿ ಇಳಿದುಹೋಗಿತ್ತು, ಲೆನ್ಸಿನ ಮೇಲೆ ಇಬ್ಬನಿ ಕೂತಿತ್ತು, ತೆಗೆದ ಚಿತ್ರಗಳಲ್ಲೆಲ್ಲ ನಕ್ಷತ್ರಗಳು ಚುಕ್ಕಿಗಳಾಗದೆ ಗೀರುಗಳಾಗಿದ್ದವು. ಇದ್ದ ಕೆಲಸ ಬಿಟ್ಟು ಕ್ಯಾಮೆರಾ ಹಿಡಿದದ್ದೇ ತಪ್ಪಾಯಿತೆನಿಸಿ, ಕತ್ತಲೆಯಲ್ಲಿ ಯಾರಿಗೂ ಕಾಣದೆಂಬ ಧೈರ್ಯದಿಂದ ನಾನು ಅತ್ತುಬಿಟ್ಟೆ. ಮೇಷ್ಟ್ರು ಸಮಾಧಾನದ ಮಾತೊಂದನ್ನೂ ಆಡಲಿಲ್ಲ. ಸತ್ತಿತೆಂದು ನಾನು ತೆಗೆದಿಟ್ಟ ಬ್ಯಾಟರಿಯನ್ನು ತಮ್ಮ ಒಳಜೇಬಿನಲ್ಲಿರಿಸಿ, ಮೈಯ ಬಿಸಿ ತಾಗಿದ ಮೇಲೆ ಹಿಂದಿರುಗಿಸಿದಾಗ ಅದರಲ್ಲಿ ಇನ್ನೂ ಒಂದಿಷ್ಟು ಜೀವವಿತ್ತು. ಗಾಜು ಸುತ್ತಲಿನ ಗಾಳಿಗಿಂತ ತುಸು ಬೆಚ್ಚಗಿದ್ದರೆ ಇಬ್ಬನಿ ಕೂರದೆಂದು, ಕೈ ಬೆಚ್ಚಗಿಡುವ ಪೊಟ್ಟಣವನ್ನು ಲೆನ್ಸಿಗೆ ಬಟ್ಟೆಯಿಂದ ಸುತ್ತಿದರು. ಗಾಳಿಗೆ ನಡುಗುತ್ತಿದ್ದ ನನ್ನ ಟ್ರೈಪಾಡಿನ ನಡುಗಂಬಕ್ಕೆ ತಮ್ಮ ಚೀಲವನ್ನೇ ನೇತುಹಾಕಿದರು, ಅದೂ ತೂಗಾಡದಂತೆ ಬುಡ ನೆಲಕ್ಕೆ ತಾಗಿಸಿ. ಆಮೇಲಷ್ಟೇ ಪಾಠ: ನಕ್ಷತ್ರಗಳು ಗೀರಾಗದಂತೆ ಶಟರನ್ನು ಎಷ್ಟು ಸೆಕೆಂಡು ತೆರೆದಿಡಬಹುದೆಂದು ತಿಳಿಯಲು, ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸಂವೇದಕದ) ಕ್ಯಾಮೆರಾದಲ್ಲಿ 500ನ್ನು ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಫೋಕಲ್ ಲೆಂತ್‌ನಿಂದ ಭಾಗಿಸಬೇಕು, 20 ಮಿ.ಮೀ. ಲೆನ್ಸಿಗೆ 25 ಸೆಕೆಂಡು, ಅದೂ ಮೇಲ್ಮಿತಿಯೇ, 15ಕ್ಕೆ ಇಳಿಸಿದರೆ ಇನ್ನೂ ಚೆನ್ನ. ನಾನು ಶಟರನ್ನು ಒಂದು ನಿಮಿಷ ತೆರೆದಿಟ್ಟಿದ್ದೆ! ಫೋಕಸನ್ನು ಆಟೋಗೆ ಬಿಡದೆ, ಉಜ್ವಲವಾದೊಂದು ನಕ್ಷತ್ರವನ್ನು ಪರದೆಯ ಮೇಲೆ ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕಿಯಾಗುವವರೆಗೆ ಕೈಯಿಂದಲೇ ತಿರುಗಿಸುವುದನ್ನು ಕಲಿಸಿದರು.

ನಕ್ಷತ್ರಗಳು ಮಾಸಿದ ಕೂಡಲೇ ಗಂಟುಕಟ್ಟಲು ಹೊರಟವನನ್ನು ಮತ್ತೆ ತಡೆದವರೂ ಅವರೇ. ಸೂರ್ಯ ಹುಟ್ಟುವ ಮುಂಚಿನ ಅರ್ಧ ಗಂಟೆ ನೆಲಕ್ಕೂ ಆಕಾಶಕ್ಕೂ ಬೆಳಕಿನ ಅಂತರ ಕಡಿಮೆಯಿರುವುದರಿಂದ ಎರಡರ ವಿವರವೂ ಒಂದೇ ಚಿತ್ರದಲ್ಲಿ ಉಳಿಯುತ್ತದೆಂದರು. ಟ್ರೈಪಾಡನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಹಾವಸೆ ಹಿಡಿದ ಬಂಡೆಯೊಂದನ್ನು ಮುನ್ನೆಲೆಗೆ ತಂದು, ಬೆಳಕಿಗೆ ಕ್ಯಾಮೆರಾದ ಸಂವೇದನೆ ಅಂದರೆ ಐಎಸ್‌ಒ 100, ಲೆನ್ಸಿನ ಬೆಳಕಿನ ಕಿಂಡಿ ಎಫ್/11, ಗುಂಡಿ ಒತ್ತಿದ ಅಲುಗಾಟ ತಾಗದಂತೆ ಎರಡು ಸೆಕೆಂಡಿನ ಟೈಮರ್ ಇಟ್ಟು ತೆಗೆದ ಚಿತ್ರವೇ ಪ್ರದರ್ಶನದ ಬಾಗಿಲಲ್ಲಿ ನೀವು ನೋಡಿದ್ದು. ಇನ್ನಷ್ಟು ಸ್ಪಷ್ಟತೆಯ ಆಸೆಗೆ ಕಿಂಡಿಯನ್ನು ಇನ್ನೂ ಕಿರಿದು ಮಾಡಿ ಎಫ್/22ಕ್ಕೆ ಹೋಗಿದ್ದರೆ, ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವ ವಿವರ್ತನೆಯಿಂದ ಅದು ಮಂಕಾಗುತ್ತಿತ್ತು.

ಇಳಿಯುವ ಹೊತ್ತಿಗೆ ಚೀಲವನ್ನು ಕೊಕ್ಕೆಯಿಂದ ಬಿಡಿಸಿ ಅವರ ಕೈಗೆ ಕೊಡುವಾಗಲೇ ನನಗೆ ಹೊಳೆದದ್ದು, ಮೇಷ್ಟ್ರ ಕ್ಯಾಮೆರಾ ರಾತ್ರಿಯಿಡೀ ಅದರೊಳಗೇ ಇತ್ತು.