ಕಲ್ಲಿಗೂ ಕ್ಷಯ ಹತ್ತತದೇನ್ರಿ?

ಧಾರವಾಡ

ಪ್ರೀತಿಯ ತಂಗಿ,

ವಿಕಿರಣಶೀಲತೆಯ ಬಗ್ಗೆ ಬರೆದು ಗದಗಿನಿಂದ ನೀನು ಕಳಿಸಿದ ಲೇಖನ ಎರಡು ಸಲ ಓದಿದೆ. 1896ರಲ್ಲಿ ಬೆಕೆರೆಲ್ ಯುರೇನಿಯಂ ಸೂಸುವ ಕಿರಣ ಕಂಡದ್ದು, 1911ರಲ್ಲಿ ರುದರ್‌ಫೋರ್ಡ್ ಪರಮಾಣುವಿನ ನಟ್ಟನಡುವಿನ ಬೀಜಕೇಂದ್ರ ಗುರುತಿಸಿದ್ದು, 1932ರಲ್ಲಿ ಚಾಡ್ವಿಕ್ ನ್ಯೂಟ್ರಾನ್ ಕಂಡುಹಿಡಿದದ್ದು, ಎಲ್ಲ ಸರಿಯಾಗಿದೆ. ನನ್ನ ತಕರಾರು ಒಂದೇ ಶಬ್ದದ ಮೇಲೆ. ಪರಮಾಣು ವಿಕಿರಣ ಸೂಸಿ ಬದಲಾಗುವುದಕ್ಕೆ ಪಠ್ಯಪುಸ್ತಕ ಇಟ್ಟ ಹೆಸರು ಅದು, ನೀನು ಹದಿಮೂರು ಕಡೆ ಬಳಸಿದ್ದೀ: ‘ಕ್ಷಯ’.

ಬಹಳ ವರ್ಷಗಳ ಹಿಂದೆ ಹಾವೇರಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನೂ ಇದೇ ವಿಷಯ ಹೇಳುತ್ತಿದ್ದೆ. ಯುರೇನಿಯಂ ಕಲ್ಲು ಕ್ಷಯ ಹೊಂದುತ್ತದೆ ಅಂದೆ. ಹಿಂದೆ ಕೂತಿದ್ದ ಒಬ್ಬ ಅಜ್ಜಿ ಎದ್ದು ನಿಂತು ಕೇಳಿದಳು: “ಕಲ್ಲಿಗೂ ಕ್ಷಯ ಹತ್ತತದೇನ್ರಿ? ಹುಡುಗರನ್ನ ದೂರ ಇಡಬೇಕೇನು?” ಆಕೆಯ ಅಣ್ಣ ಕ್ಷಯದಿಂದಲೇ ತೀರಿಕೊಂಡಿದ್ದನಂತೆ. ಅರ್ಧ ತಾಸು ನಾನು ಹೇಳಿದ್ದೆಲ್ಲ ಆಕೆಯ ಕಿವಿಗೆ ಕೆಮ್ಮು, ರಕ್ತ, ಬೇರೆ ಇಟ್ಟ ತಾಟು ಆಗಿ ಬಿದ್ದಿತ್ತು. ತಪ್ಪು ಆಕೆಯದಲ್ಲ. ಆ ಶಬ್ದ ನನಗಿಂತ ಮೊದಲೇ ಆಕೆಯ ಮನೆ ಹೊಕ್ಕಿತ್ತು.

ಪಠ್ಯಪುಸ್ತಕದ ಶಬ್ದ ಬಿಡು ಅನ್ನುತ್ತಿಲ್ಲ. ಮೊದಲು ನಡೆಯುವುದನ್ನು ತೋರಿಸು, ಹೆಸರು ಆಮೇಲೆ ಇಡು. ಯುರೇನಿಯಂ-238ರ ಬೀಜಕೇಂದ್ರದಲ್ಲಿ 92 ಪ್ರೋಟಾನ್, 146 ನ್ಯೂಟ್ರಾನ್ ಒತ್ತೊತ್ತಾಗಿ ಕೂತಿವೆ. ಪ್ರೋಟಾನ್‌ಗಳು ಒಂದನ್ನೊಂದು ದೂಡುತ್ತವೆ. ಎಲ್ಲವನ್ನೂ ಹಿಡಿದಿಟ್ಟ ಬಲ ದೊಡ್ಡದೇ, ಆದರೆ ಅದರ ತೋಳು ಗಿಡ್ಡ, ಪಕ್ಕದವರಿಗಷ್ಟೇ ಮುಟ್ಟುತ್ತದೆ. ಯಾವಾಗಲೋ ಒಮ್ಮೆ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದ ಗಂಟೊಂದು ಹೊರಗೆ ಚಿಮ್ಮುತ್ತದೆ. ಅದು ಆಲ್ಫಾ ಕಣ. ಹಿಂದೆ ಉಳಿದದ್ದು 90 ಪ್ರೋಟಾನಿನ ಥೋರಿಯಂ. ಕಾರ್ಬನ್-14ರಲ್ಲಾದರೆ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ, ಒಂದು ಎಲೆಕ್ಟ್ರಾನ್ ಹೊರಬಿದ್ದು, ಕಾರ್ಬನ್ ಹೋಗಿ ನೈಟ್ರೋಜನ್ ಆಗುತ್ತದೆ, ಅದು ಬೀಟಾ. ಸವೆದು ಇಲ್ಲವಾಗುವುದು ಎಲ್ಲಿದೆ ಇದರಲ್ಲಿ? ಒಂದು ಇನ್ನೊಂದಾಯಿತು, ಅಷ್ಟೇ. ಇಷ್ಟು ಓದಿದವರು ಕ್ಷಯ ಅನ್ನೋ ಹೆಸರು ಬಂದರೆ ಬೆದರುವುದಿಲ್ಲ.

‘ಅರ್ಧಾಯುಷ್ಯ’, ಅಂದರೆ ಇದ್ದ ಪರಮಾಣುಗಳಲ್ಲಿ ಅರ್ಧ ಬದಲಾಗಲು ಹಿಡಿಯುವ ಕಾಲ, ಇನ್ನೂ ಕಠಿಣ ಶಬ್ದ. ಅಯೋಡಿನ್-131ರ ಅರ್ಧಾಯುಷ್ಯ 8 ದಿನ ಅಂತ ನೀನು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀ. ಓದುವವರು ತಕ್ಷಣ ಲೆಕ್ಕ ಹಾಕುತ್ತಾರೆ: ಹಾಗಾದರೆ 16 ದಿನಕ್ಕೆ ಪೂರ್ತಿ ಮುಗಿಯಿತು. ಆಯುಷ್ಯ ಅಂದಮೇಲೆ ಮುಪ್ಪೂ ಇರಬೇಕಲ್ಲ? ಪರಮಾಣುವಿಗೆ ಮುಪ್ಪಿಲ್ಲ.

ಇದನ್ನು ನಾನು ತಿಳಿದದ್ದು ನಮ್ಮವ್ವನ ಚೌಕಾಬಾರದಿಂದ. ಹುಣಸೆ ಬೀಜವನ್ನು ಕಲ್ಲಿಗೆ ತೇಯ್ದು ಎರಡು ಹೋಳು ಮಾಡಿದರೆ ಒಂದು ಬದಿ ಬಿಳಿ, ಇನ್ನೊಂದು ಬದಿ ಕರಿ. 64 ಹೋಳು ಮಡಿಲಲ್ಲಿ ಹಿಡಿದು ಕಟ್ಟೆಯ ಮೇಲೆ ಚೆಲ್ಲಿದೆ. ಬಿಳಿ ಮೇಲಾದವನ್ನು ಬದಿಗಿಟ್ಟೆ, ಉಳಿದದ್ದು 35. ಅವನ್ನಷ್ಟೇ ಮತ್ತೆ ಚೆಲ್ಲಿದೆ, 16. ಮತ್ತೆ, 9. ಆಮೇಲೆ 4. ಪ್ರತಿ ಸಲ ಹೆಚ್ಚುಕಡಿಮೆ ಅರ್ಧ. ಆದರೆ ಯಾವ ಹೋಳು ಈ ಸಲ ಹೋಗುತ್ತದೆ ಅಂತ ಯಾರೂ ಹೇಳಲಾರರು. ನಾಲ್ಕು ಸಲ ಉಳಿದ ಹೋಳೇನೂ ದಣಿದಿಲ್ಲ, ಅದು ಮೊದಲ ಸಲದ ಹೋಳಿನಷ್ಟೇ ಹೊಸದು. ಅಯೋಡಿನ್ನೂ ಹೀಗೇ, ಪ್ರತಿ 8 ದಿನ ಒಂದು ಸಲ ಚೆಲ್ಲಿದಂತೆ: 16 ದಿನಕ್ಕೆ ಕಾಲು ಭಾಗ ಉಳಿದಿರುತ್ತದೆ, 80 ದಿನಕ್ಕೆ ಸಾವಿರದಲ್ಲಿ ಒಂದು ಪಾಲಿನಷ್ಟು. ಈ ಬೀಜಗಳನ್ನು ನೀನೂ ಒಮ್ಮೆ ಚೆಲ್ಲಿ ನೋಡು, ಕೈಯಾರೆ ಎಣಿಸು. ಎಣಿಸಿದ ಮೇಲೆ ಬರೆದ ಸಾಲು ಬೇರೆಯೇ ಇರುತ್ತದೆ.

ಪರಮಾಣುವಿನ ಚಿತ್ರದಲ್ಲಿ ಎಲೆಕ್ಟ್ರಾನ್‌ಗಳನ್ನು ಗ್ರಹಗಳಂತೆ ಸುತ್ತಿಸಿದ್ದೀ. ಅದನ್ನು ತೆಗೆ, ಅವುಗಳಿಗೆ ಹಾಗೆ ಗೆರೆ ಕೊರೆದ ದಾರಿ ಇಲ್ಲ. ಅದರ ಬದಲು ಅಳತೆ ಕೊಡು. ಚಿನ್ನದ ಪರಮಾಣು ತನ್ನ ಬೀಜಕೇಂದ್ರಕ್ಕಿಂತ ಸುಮಾರು 20 ಸಾವಿರ ಪಟ್ಟು ಅಗಲ. ಬೀಜಕೇಂದ್ರ ಒಂದು ಜೋಳದ ಕಾಳಾದರೆ ಪರಮಾಣು 80 ಮೀಟರ್ ಅಗಲದ ಹೊಲ, ಮತ್ತು ಆ ಹೊಲದ ತೂಕವೆಲ್ಲ ಕಾಳಿನಲ್ಲೇ.

ಚಿನ್ನ ಅಂದಾಗ ನೆನಪಾಯಿತು. ಕಪ್ಪತಗುಡ್ಡದ ಪಕ್ಕದಲ್ಲೇ ಇದ್ದುಕೊಂಡು ಅದರ ಹೆಸರೇ ಎತ್ತಿಲ್ಲವಲ್ಲ ನೀನು! ಬ್ರಿಟಿಷರ ಕಾಲದಲ್ಲಿ ಚಿನ್ನ ತೆಗೆದ ಆ ಕಲ್ಲುಗಳು 250 ಕೋಟಿ ವರ್ಷಕ್ಕೂ ಹಳೆಯವು. ಇಂಥ ಕಲ್ಲಿನ ರಾಶಿಗೆ ಜಗತ್ತಿನ ಭೂವಿಜ್ಞಾನಿಗಳು ಕರೆಯುವುದು ನಮ್ಮೂರಿನ ಹೆಸರಿನಿಂದಲೇ, ಧಾರವಾಡ ಶಿಲೆ ಅಂತ. ಇಷ್ಟು ಹಳೆಯ ಕಲ್ಲುಗಳ ವಯಸ್ಸು ಗೊತ್ತಾಗುವುದು ಜಿರ್ಕಾನ್ ಎಂಬ ಹರಳಿನೊಳಗೆ ಯುರೇನಿಯಂ ಎಷ್ಟು ಉಳಿದಿದೆ, ಥೋರಿಯಂ ಆಗಿ, ಮುಂದೆಯೂ ಬದಲಾಗುತ್ತ ಹೋಗಿ ಕೊನೆಗೆ ಎಷ್ಟು ಸೀಸವಾಗಿದೆ ಎಂಬ ಲೆಕ್ಕದಿಂದ. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. ಅಂದರೆ ಆ ಕಾಲದ ಹರಳೊಂದು ತನ್ನ ಯುರೇನಿಯಮ್ಮಿನಲ್ಲಿ ಮೂರರಲ್ಲಿ ಒಂದು ಪಾಲನ್ನಷ್ಟೇ ಇಲ್ಲಿಯತನಕ ಕಳೆದುಕೊಂಡಿದೆ. ಮಿಕ್ಕ ಎರಡು ಪಾಲು ಇನ್ನೂ ಹಾಗೇ ಕೂತಿದೆ.

ಲೇಖನ ಇಲ್ಲಿಂದ ಶುರು ಮಾಡು. ಬರೆದಾದ ಮೇಲೆ ನನಗೆ ಕಳಿಸುವ ಮೊದಲು ನಿಮ್ಮ ಓಣಿಯಲ್ಲಿ ಯಾರಾದರೂ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳು. ಅವರು ಕೇಳಿದ ಪ್ರಶ್ನೆಗಳನ್ನು ಅಂಚಿನಲ್ಲಿ ಬರೆದು ಕಳಿಸು, ಮೊದಲು ಅವನ್ನೇ ಓದುತ್ತೇನೆ.

ನಿನ್ನ ಅಕ್ಕ