ಸುಂಟಿಕೊಪ್ಪ ದಾರಿಯ ಅಂಗಡಿಯ ಅಕ್ಕನಿಗೆ

ಕಳೆದ ಭಾನುವಾರ ಸುಂಟಿಕೊಪ್ಪ ದಾಟಿ ಮಡಿಕೇರಿಯ ಕಡೆಗೆ ಸೈಕಲ್ ತುಳಿಯುತ್ತಿದ್ದೆ. ದೀರ್ಘ ದೂರದ ಟ್ರಯಥ್ಲಾನ್‌ಗೆ ತಯಾರಿ: 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಕೊನೆಗೆ 42.2 ಕಿ.ಮೀ. ಓಟ, ಎಲ್ಲವೂ ಒಂದೇ ದಿನ. ಏಳು ತಿಂಗಳಿಂದ ಒಬ್ಬನೇ ಅಭ್ಯಾಸ ಮಾಡುತ್ತಿದ್ದೇನೆ. ಅಂದು ಮಳೆ ಹಿಡಿಯಿತು. ಬೆರಳುಗಳು ಮರಗಟ್ಟಿ ಗೇರ್ ಬದಲಿಸಲೂ ಆಗಲಿಲ್ಲ. ಇಷ್ಟೆಲ್ಲ ಯಾರಿಗಾಗಿ ಎನ್ನಿಸಿತು. ಬಸ್ ಬಂದರೆ ಸೈಕಲನ್ನು ಮೇಲೆ ಹಾಕಿ ಮನೆಗೆ ಹೋಗುವುದು, ಇನ್ನು ಇದೆಲ್ಲ ಬೇಡ ಎಂದು ತೀರ್ಮಾನಿಸಿಯೇ ನಿಮ್ಮ ಅಂಗಡಿಯ ತಗಡಿನ ಮಾಡಿನಡಿ ನಿಂತದ್ದು.

ನೀವು ಏನೂ ಕೇಳಲಿಲ್ಲ, ಅಕ್ಕ. ಒಲೆಯ ಬಳಿಯಿದ್ದ ಸ್ಟೂಲನ್ನು ನನ್ನತ್ತ ಸರಿಸಿದಿರಿ. ಬೆಲ್ಲದ ಕಾಫಿ ಕೊಟ್ಟು, ‘ಈಗಲೇ ಕುಡಿಯಬೇಡಿ, ಮೊದಲು ಲೋಟ ಹಿಡಿದುಕೊಳ್ಳಿ’ ಎಂದಿರಿ. ಬೆರಳುಗಳಿಗೆ ಜೀವ ಬಂದದ್ದು ಆಗ. ಮನೆಯವರಿಗೆಂದು ಮಾಡಿಟ್ಟಿದ್ದ ಕಡಂಬುಟ್ಟಿನ ಅಕ್ಕಿ ಉಂಡೆಗಳಲ್ಲಿ ಎರಡನ್ನು ತಟ್ಟೆಗೆ ಹಾಕಿದಿರಿ. ಅದಕ್ಕೆ ದುಡ್ಡು ಮುಟ್ಟಲಿಲ್ಲ. ಆಮೇಲೆ ಹಳೆಯ ಪತ್ರಿಕೆಯ ಹಾಳೆಗಳನ್ನು ಮಡಚಿ ಕೊಟ್ಟು, ‘ಅಂಗಿಯೊಳಗೆ ಎದೆಗೆ ಇಟ್ಟುಕೊಳ್ಳಿ, ಗಾಳಿ ತಾಗುವುದಿಲ್ಲ’ ಎಂದಿರಿ. ನಿಜಕ್ಕೂ ತಾಗಲಿಲ್ಲ.

ಅಷ್ಟರಲ್ಲಿ ಬಸ್ ಬಂದು ಹೋಗಿತ್ತು. ನಾನು ಕೈ ಅಡ್ಡ ಹಿಡಿಯಲಿಲ್ಲ. ಹೊರಡುವಾಗ ನೀವು ಕೇಳಿದ್ದು ಒಂದೇ: ‘ಮುಂದಿನ ಭಾನುವಾರ ಎಷ್ಟು ಹೊತ್ತಿಗೆ ಬರುತ್ತೀರಿ?’

ಏಳಕ್ಕೆ ಎಂದುಬಿಟ್ಟೆ. ಈ ವಾರ ಈಜನ್ನೂ ಓಟವನ್ನೂ ಒಂದು ದಿನವೂ ತಪ್ಪಿಸಿಲ್ಲ. ಹೆಸರು ಕೇಳುವುದನ್ನು ಮರೆತು ಬಂದೆ, ಕ್ಷಮಿಸಿ. ತುಂಬಾ ಧನ್ಯವಾದ ಅಕ್ಕ. ಭಾನುವಾರ ಏಳಕ್ಕೆ ಬರುತ್ತೇನೆ.