ರಾಕೆಟ್ ಹಾರಿದ ಮೇಲಿನ ಸುದ್ದಿನೂ ಹಾಕಿ

ಮಾನ್ಯ ಸಂಪಾದಕರೇ,

ಇಸ್ರೋ ರಾಕೆಟ್ ಹಾರಿಸಿದ ಮಾರನೇ ದಿನ ನಿಮ್ಮ ಪೇಪರ್ ನೋಡೋಕೇ ಒಂದು ಖುಷಿ, ಮುಖಪುಟದಲ್ಲಿ ಬೆಂಕಿ ಹೊಗೆ ಫೋಟೋ, ಒಳಗಡೆ ತೂಕ ಎಷ್ಟು ಖರ್ಚೆಷ್ಟು ಅಂತೆಲ್ಲ ಬಾಕ್ಸ್ ಹಾಕಿ ಕೊಟ್ಟಿರ್ತೀರಿ, 2025ರ ಜುಲೈ 30ಕ್ಕೆ ಶ್ರೀಹರಿಕೋಟಾದಿಂದ ನಾಸಾ-ಇಸ್ರೋ ಜಂಟಿ ರೇಡಾರ್ ಉಪಗ್ರಹ ನಿಸಾರ್ ಹೋದಾಗಲೂ ಹಾಗೇ ಇತ್ತು. ಆಮೇಲೆ? ಮೇಲೆ ಹೋದ ಉಪಗ್ರಹ ಅಲ್ಲಿಂದ ಏನು ನೋಡ್ತು ಅನ್ನೋದು ಎಲ್ಲೂ ಬರಲ್ಲ. ನನ್ನ ತಕರಾರು ಇದೊಂದೇ.

ಓಷನ್‌ಸ್ಯಾಟ್-2 ನೆನಪಿದ್ಯಾ? 2009ರ ಸೆಪ್ಟೆಂಬರ್‌ನಲ್ಲಿ ಪಿಎಸ್ಎಲ್‌ವಿ ಹೊತ್ಕೊಂಡು ಹೋಗಿದ್ದು. ಅದರಲ್ಲಿ ಸ್ಕ್ಯಾಟರೋಮೀಟರ್ ಅಂತ ಒಂದು ರೇಡಾರ್ ಇತ್ತು, ಸಮುದ್ರದ ಮೇಲೆ ಗಾಳಿ ಯಾವ ಕಡೆ ಎಷ್ಟು ಜೋರಾಗಿ ಬೀಸ್ತಿದೆ ಅಂತ ಅಳೆಯೋದು ಅದರ ಕೆಲಸ. ಆದ್ರೆ ಉಪಗ್ರಹ ಧ್ರುವದಿಂದ ಧ್ರುವಕ್ಕೆ ಸುತ್ತುತ್ತಲ್ಲ, ಹಂಗಾಗಿ ಗ್ರೀನ್‌ಲ್ಯಾಂಡ್ ಮೇಲೂ ಹಾಯ್ತಿತ್ತು. ಒಣ ಹಿಮದ ಮೇಲೆ ರೇಡಾರ್ ಅಲೆ ಬಿದ್ರೆ ಜೋರಾಗಿ ವಾಪಸ್ ಬರುತ್ತೆ, ಅದೇ ಹಿಮ ಸ್ವಲ್ಪ ಒದ್ದೆಯಾದ್ರೂ ಸಾಕು ಅಲೆನ ಅಲ್ಲೇ ಹೀರ್ಕೊಂಡು ಬಿಡುತ್ತೆ, ಸಿಗ್ನಲ್ ಧೊಪ್ಪಂತ ಬೀಳುತ್ತೆ. 2012ರ ಜುಲೈ 12ರ ಡೇಟಾ ನೋಡ್ತಿದ್ದ ನಾಸಾದ ಜೆಪಿಎಲ್ ಪ್ರಯೋಗಾಲಯದ ವಿಜ್ಞಾನಿಯೊಬ್ಬರಿಗೆ ಹೆಚ್ಚುಕಮ್ಮಿ ಇಡೀ ಗ್ರೀನ್‌ಲ್ಯಾಂಡೇ ಒದ್ದೆ ಕಾಣಿಸ್ತು! ಡೇಟಾನೇ ತಪ್ಪಿರಬೇಕು ಅಂತ ಮೊದಲು ಅನುಮಾನ ಪಟ್ರಂತೆ. ಬೇರೆ ಉಪಗ್ರಹಗಳ ಲೆಕ್ಕ ತೆಗೆದು ನೋಡಿದ್ರೆ ಅವೂ ಅದನ್ನೇ ಹೇಳಿದ್ವು. ಜುಲೈ 8ಕ್ಕೆ ಮೇಲ್ಮೈಯ 40% ಕರಗ್ತಿತ್ತು, ನಾಲ್ಕೇ ದಿನದಲ್ಲಿ 97%. ಬೇಸಿಗೆಯಲ್ಲಿ ಅರ್ಧದಷ್ಟು ಮೇಲ್ಮೈ ಕರಗೋದು ಅಲ್ಲಿ ಮಾಮೂಲಿ, ಆದ್ರೆ ನಡುನೆತ್ತಿಯ ಸಮ್ಮಿಟ್ ಸ್ಟೇಷನ್ ಹತ್ರ ಇಂಥದ್ದು ಅದಕ್ಕೆ ಮುಂಚೆ ಆಗಿದ್ದು 1889ರಲ್ಲಿ ಅಂತ ಐಸ್ ಕೊರೆದು ತೆಗೆದ ಮಾದರಿಗಳಿಂದ ಗೊತ್ತಾಗಿತ್ತು. ಇಷ್ಟು ದೊಡ್ಡ ವಿಷಯ ಮೊದಲು ಕಣ್ಣಿಗೆ ಬಿದ್ದಿದ್ದು ಇಸ್ರೋ ಡೇಟಾದಲ್ಲಿ, ಇದನ್ನ ಎಷ್ಟು ಜನ ಕನ್ನಡದಲ್ಲಿ ಓದಿದೀವಿ ಹೇಳಿ.

ನಾನು ಪಿಯು ಹುಡುಗರಿಗೆ ಫಿಸಿಕ್ಸ್ ಹೇಳಿಕೊಡೋನು. ಧ್ರುವದಲ್ಲಿ ತಿಂಗಳುಗಟ್ಟಲೆ ಕತ್ತಲು ಅಂತೀರಿ, ಸ್ಯಾಟಲೈಟ್ ಫೋಟೋ ಹೆಂಗೆ ತೆಗೆಯುತ್ತೆ ಸಾರ್ ಅಂತ ಕೇಳ್ತಾರೆ, ಒಳ್ಳೇ ಪ್ರಶ್ನೆ. ಅದು ಫೋಟೋನೇ ಅಲ್ಲ. ಐಸು, ನೀರು ಎರಡೂ ತಮ್ಮಷ್ಟಕ್ಕೇ ಸಣ್ಣಗೆ ಮೈಕ್ರೋವೇವ್ ಸೂಸ್ತಾ ಇರ್ತವೆ, ಸಮುದ್ರದ ನೀರಿಗಿಂತ ಐಸ್ ಜಾಸ್ತಿ ಸೂಸುತ್ತೆ, ಉಪಗ್ರಹದ ಉಪಕರಣ ಅದನ್ನೇ ಅಳೆಯುತ್ತೆ, ಅದಕ್ಕೆ ಬಿಸಿಲೂ ಬೇಡ, ಮೋಡನೂ ಅಷ್ಟಾಗಿ ಅಡ್ಡ ಬರಲ್ಲ. 1978ರ ಕೊನೆಯಿಂದ ಹೆಚ್ಚುಕಮ್ಮಿ ಬಿಡದೆ ಈ ಲೆಕ್ಕ ಇದೆ. ನಕ್ಷೆಯ ಒಂದು ಚೌಕದಲ್ಲಿ ಕನಿಷ್ಠ 15% ಐಸ್ ಇದ್ರೆ ಆ ಚೌಕನ ಐಸ್ ಅಂತ ಎಣಿಸ್ತಾರೆ, ಹಂಗೆ ಎಣಿಸಿದ್ರೆ 2012ರ ಸೆಪ್ಟೆಂಬರ್‌ನಲ್ಲಿ ಆರ್ಕ್ಟಿಕ್ ಸಮುದ್ರದ ಐಸ್ ಸುಮಾರು 34 ಲಕ್ಷ ಚದರ ಕಿ.ಮೀ.ಗೆ ಇಳಿದಿತ್ತು, ಭಾರತಕ್ಕಿಂತ ಒಂಚೂರು ದೊಡ್ಡದು ಅಷ್ಟೇ. ಕೊರತೆ ಇಲ್ಲ ಅಂತಲ್ಲ, ಬೇಸಿಗೆಯಲ್ಲಿ ಐಸ್ ಮೇಲೆ ನೀರು ನಿಂತು ಕೊಳ ಆದ್ರೆ ಈ ಉಪಕರಣ ಅದನ್ನ ತೆರೆದ ಸಮುದ್ರ ಅಂದ್ಕೊಳ್ಳುತ್ತೆ. ದಪ್ಪ ಎಷ್ಟು ಅಂತಲೂ ಹೇಳಲ್ಲ, ಅದಕ್ಕೆ ಯುರೋಪಿನ ಕ್ರಯೋಸ್ಯಾಟ್-2ರ ರೇಡಾರ್, ನಾಸಾದ ಐಸ್‌ಸ್ಯಾಟ್-2ರ ಹಸಿರು ಲೇಸರ್ ಬೇಕು. ಲೇಸರ್ ಹಿಮದ ಮೇಲ್ಗಡೆಯಿಂದಲೇ ವಾಪಸ್ ಬರುತ್ತೆ, ರೇಡಾರ್ ಬಹುಪಾಲು ಹಿಮ ದಾಟಿ ಕೆಳಗಿನ ಐಸ್ ತನಕ ಹೋಗುತ್ತೆ, ಎರಡನ್ನೂ ಕಳೆದ್ರೆ ಹಿಮ ಎಷ್ಟು ಬಿದ್ದಿದೆ ಅಂತ ಅಂದಾಜು ಸಿಗುತ್ತೆ. ಇದಕ್ಕೋಸ್ಕರನೇ 2020ರಲ್ಲಿ ಕ್ರಯೋಸ್ಯಾಟ್‌ನ ಕಕ್ಷೆನೇ ಸ್ವಲ್ಪ ಮೇಲೆತ್ತಿ ಆಗಾಗ ಐಸ್‌ಸ್ಯಾಟ್-2ರ ದಾರಿಗೇ ಬರೋ ಹಾಗೆ ಹೊಂದಿಸಿದ್ರು.

ಇನ್ನೊಂದು ವಿಷಯ, ಬೇಜಾರಾಗ್ಬೇಡಿ. ಹಿಮಕರಡಿ ಫೋಟೋ ಹಾಕಿ ಆರ್ಕ್ಟಿಕ್ ಐಸ್ ಕರಗಿದ್ರೆ ಸಮುದ್ರ ಉಕ್ಕುತ್ತೆ ಅಂತ ಪುರವಣಿಯಲ್ಲಿ ಬರೀತೀರಿ. ತೇಲೋ ಐಸ್ ಕರಗಿದ್ರೆ ಮಟ್ಟ ಏರಲ್ಲ ಅಂತಲೇ ಹೇಳ್ಬಹುದು, ಲೋಟದ ನೀರಿಗೆ ಐಸ್ ಹಾಕಿ ನೋಡಿ. ಏರಿಸೋದು ನೆಲದ ಮೇಲಿನ ಐಸ್, ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ್ದು. ಅದನ್ನ ತೂಗೋಕೆ ಗ್ರೇಸ್ ಅಂತ ಜೋಡಿ ಉಪಗ್ರಹ 2002ರಲ್ಲಿ ಹೋದ್ವು, ಸುಮಾರು 220 ಕಿ.ಮೀ. ಅಂತರದಲ್ಲಿ ಒಂದರ ಹಿಂದೆ ಒಂದು, ಕೆಳಗೆ ತೂಕ ಕಮ್ಮಿ ಆದ್ರೆ ಗುರುತ್ವ ಕಮ್ಮಿ, ಆ ಎಳೆತ ಬದಲಾಗಿ ಇವುಗಳ ನಡುವಿನ ದೂರ ಕೂದಲೆಳೆಗಿಂತ ಸಣ್ಣದಾಗಿ ಬದಲಾದ್ರೂ ಗೊತ್ತಾಗುತ್ತೆ. 2018ರಿಂದ ಅದರ ತಮ್ಮ ಗ್ರೇಸ್-ಎಫ್ಒ ಕೆಲಸ ಮಾಡ್ತಿದೆ. ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸರಾಸರಿ 27,000 ಕೋಟಿ ಟನ್ ಹತ್ರ ಕಳ್ಕೊಳ್ತಿದೆ ಅನ್ನೋ ಲೆಕ್ಕ ಇಲ್ಲಿಂದಲೇ ಬಂದಿದ್ದು, 36,000 ಕೋಟಿ ಟನ್‌ಗೆ ಸಮುದ್ರ 1 ಮಿ.ಮೀ. ಏರುತ್ತೆ.

ಈಗ ನಿಸಾರ್ ವಿಷಯಕ್ಕೆ ಬರ್ತೀನಿ. ಜೋಡಿಸಿದ್ದು ಬೆಂಗಳೂರಲ್ಲೇ, ನಾಸಾದ ಎಲ್ ಬ್ಯಾಂಡ್ (ಉದ್ದ ಅಲೆಯ) ರೇಡಾರು, ಇಸ್ರೋದ ಎಸ್ ಬ್ಯಾಂಡ್ (ಅದಕ್ಕಿಂತ ಗಿಡ್ಡ ಅಲೆಯ) ರೇಡಾರು, 12 ಮೀಟರ್ ಅಗಲದ ಆಂಟೆನಾ. ತುಂಬಾ ರೇಡಾರ್ ಉಪಗ್ರಹಗಳು ತಮ್ಮ ಬಲಕ್ಕೆ ನೋಡ್ತವೆ, ಇದು ಎಡಕ್ಕೆ ನೋಡುತ್ತೆ, ಯಾಕೆ ಅಂದ್ರೆ ಅಂಟಾರ್ಕ್ಟಿಕಾದ ಒಳಭಾಗ ಚೆನ್ನಾಗಿ ಸಿಗ್ಲಿ ಅಂತ! ಪ್ರತಿ 12 ದಿನಕ್ಕೆ ಅದೇ ದಾರಿಗೆ ಬಂದು, ಹಿಮನದಿ ಅಷ್ಟರಲ್ಲಿ ಎಷ್ಟು ಜರುಗಿದೆ ಅಂತ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯೋಕೆ ಆಗುತ್ತೆ. ಡೇಟಾ ಎಲ್ರಿಗೂ ಫ್ರೀ. ಇಷ್ಟೆಲ್ಲ ಇದ್ದೂ ನಿಮ್ಮ ವಿಜ್ಞಾನ ಪುಟದಲ್ಲಿ ಬರೋದು ಮೊಬೈಲ್ ರಿವ್ಯೂ.

ಇನ್ನೊಂದು ಕಡೆ ಅಮೆರಿಕದಲ್ಲಿ 2025ರ ಜೂನ್‌ನಲ್ಲಿ, ಸಮುದ್ರದ ಐಸ್ ಲೆಕ್ಕಕ್ಕೆ ದಶಕಗಳಿಂದ ಆಧಾರವಾಗಿದ್ದ ಮಿಲಿಟರಿ ಹವಾಮಾನ ಉಪಗ್ರಹಗಳ ಡೇಟಾ ಕೊಡೋದು ನಿಲ್ಲಿಸ್ತೀವಿ ಅಂತ ದಿಢೀರ್ ಅಂತ ಹೇಳಿದ್ರು, ಗಲಾಟೆ ಆದ್ಮೇಲೆ ಮುಂದೂಡಿದ್ರು. ಅಲ್ಲಿನ ಐಸ್ ಲೆಕ್ಕದೋರು ಜಪಾನಿನ ಉಪಗ್ರಹದ ಕಡೆ ತಿರುಗ್ಬೇಕಾಯ್ತು. ಇದೂ ನಿಮ್ಮಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ದೊಡ್ಡ ಲೇಖನ ಏನೂ ಬೇಡ. ಆರ್ಕ್ಟಿಕ್ ಐಸ್ ಸೆಪ್ಟೆಂಬರ್‌ನಲ್ಲಿ ತೀರಾ ಕಮ್ಮಿ ಆಗುತ್ತೆ, ಅಂಟಾರ್ಕ್ಟಿಕಾದ್ದು ಫೆಬ್ರವರಿಯಲ್ಲಿ. ವರ್ಷಕ್ಕೆ ಆ ಎರಡು ಸಲ ಈ ವರ್ಷ ಎಷ್ಟು, ಹೋದ ವರ್ಷ ಎಷ್ಟು ಅಂತ ಎರಡು ಸಾಲು, ಜೊತೆಗೆ ನಿಸಾರ್ ತೆಗೆದ ಒಂದು ಚಿತ್ರ, ಚಿನ್ನದ ರೇಟ್ ಪಕ್ಕದಲ್ಲಿ ಹಾಕಿದ್ರೂ ನಡೆಯುತ್ತೆ.

ಇಂತಿ,
ನಿಮ್ಮ ಓದುಗ,
ಶಿವಮೊಗ್ಗ